ಮಾವಶಿಯ ಹೆಸರಿನ ಬಿಲ್ಲೆ

ದೊಡ್ಡವರಿಗೆ ಒಳ್ಳೆಯ ಬುದ್ಧಿ ಬಂದಾಗಲೆಲ್ಲ ಕಾರಕೂನರಿಗೆ ಕೆಲಸ ಹೆಚ್ಚಾಗುತ್ತದೆ. ಪುಣೆಯ ಆ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ತೊಂಬತ್ತೆಂಟರಲ್ಲಿ ಆದದ್ದೂ ಇದೇ. ಹೊಸದಾಗಿ ಬಂದ ಡೀನ್ ಡಾಕ್ಟರ್ ಮಾರ್ತಾಂಡ ಹೆರಿಗೆ ವಾರ್ಡಿಗೆ ಹೋದವರು, ಮೂಲೆಯಲ್ಲಿ ಕೂಸಿನ ಬಟ್ಟೆ ಮಡಚುತ್ತಿದ್ದ ಆಯಾಳನ್ನು ತೋರಿಸಿ "ಇವರ ಹೆಸರೇನು?" ಎಂದು ಕೇಳಿದರು. ಏಳು ಜನ ಡಾಕ್ಟರರು, ಮೂವರು ಸಿಸ್ಟರುಗಳು ಒಕ್ಕೊರಲಿನಿಂದ "ಮಾವಶಿ" ಎಂದರು. ಅಲ್ಲಿಯ ಆಸ್ಪತ್ರೆಗಳಲ್ಲಿ ಆಯಾಗಳೆಲ್ಲ ಮಾವಶಿಯರೇ, ಅಂದರೆ ಚಿಕ್ಕಮ್ಮಂದಿರು. ಇಪ್ಪತ್ತಾರು ವರ್ಷ ದುಡಿದ ಹೆಂಗಸಿನ ಹೆಸರು ಒಬ್ಬರಿಗೂ ಗೊತ್ತಿಲ್ಲವಲ್ಲ ಎಂದು ಡೀನರಿಗೆ ನಾಚಿಕೆಯಾಯಿತು. ಸಂಜೆಯೊಳಗೆ ಹುಕುಂ ಹೊರಟಿತು: ಪ್ರೊಫೆಸರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಎದೆಯ ಮೇಲೂ ಒಂದೇ ಅಳತೆಯ ಹೆಸರಿನ ಬಿಲ್ಲೆ, ಇನ್ನು ಮುಂದೆ ಎಲ್ಲರನ್ನೂ ಹೆಸರಿನಿಂದಲೇ ಕರೆಯಬೇಕು, ಬರುವ ಶುಕ್ರವಾರ ಡೀನರೇ ತಮ್ಮ ಕೈಯಾರೆ ಬಿಲ್ಲೆ ಹಚ್ಚುವರು.

ಪಟ್ಟಿ ಮಾಡುವ ಕೆಲಸ ಆಫೀಸಿನ ಮಂಜರಿಯ ತಲೆಗೆ ಬಂತು. ಆಕೆ ಧಾರವಾಡದವಳು. ಮದುವೆಯಾಗಿ ಪುಣೆಯ ಕೋಥರೂಡ ಬಡಾವಣೆ ಸೇರಿ ಹದಿನಾಲ್ಕು ವರ್ಷ. ಆಕೆಗೆ ಆಸ್ಪತ್ರೆಯಲ್ಲಿ ಕನ್ನಡ ಸಿಗುತ್ತಿದ್ದುದು ಹೆರಿಗೆ ವಾರ್ಡಿನ ಅದೇ ಮಾವಶಿಯ ಬಾಯಲ್ಲಿ ಮಾತ್ರ. ಮಗ ಹುಟ್ಟುವಾಗ ತವರಿಗೆ ಹೋಗಲು ಆಗದೆ ಇಲ್ಲೇ ಹೆತ್ತಾಗ, ಹಗಲಿಡೀ ಸೊಂಟ ನೀವಿ "ಇನ್ನ ಸ್ವಲ್ಪ ತಡಕೋರಿ ನಮ್ಮವ್ವ" ಎಂದವಳೂ ಅವಳೇ. ಆ ಉಪಕಾರವನ್ನು ಮಂಜರಿ ಮರೆತಿರಲಿಲ್ಲ. ಆದರೆ ಹೆಸರು? ಸರ್ವಿಸ್ ಪುಸ್ತಕ ತೆಗೆದು ನೋಡಿದ ಮೇಲೇ ಗೊತ್ತಾಯಿತು, ನೀಲವ್ವ ಅಂತ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಆ ಸಿಟ್ಟನ್ನು ಕಳೆದುಕೊಳ್ಳಲು ಮಧ್ಯಾಹ್ನ ವಾರ್ಡಿಗೆ ಹೋಗಿ "ನೀಲವ್ವಾರ" ಎಂದು ಕೂಗಿದಳು. ಮಾವಶಿ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಆಗಲೂ ಇಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿ ಅದೇ ಹೆಸರು ಹೇಳಿದಾಗ ಮುದುಕಿಯ ಮುಖ ಬಿಳಚಿಕೊಂಡಿತು. ಕೈಹಿಡಿದು ಮಂಜರಿಯನ್ನು ಬಟ್ಟೆ ಇಡುವ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ನೀಲವ್ವ ನಮ್ಮ ಅಕ್ಕನ ಹೆಸರ್ರಿ ಬಾಯಾರ. ಈ ನೌಕರಿ ಬಂದದ್ದು ಆಕೀಗೆ. ಆರ್ಡರ್ ಬಂದು ಎಂಟ್ ದಿವ್ಸಕ್ಕ ಕಾಮಾಲಿ ಆಗಿ ಸತ್ತಳು. ಮನ್ಯಾಗ ಉಣ್ಣಾವ್ರು ಆರು ಮಂದಿ. ಅಪ್ಪ ಆ ಕಾಗದ ನನ್ನ ಕೈಯಾಗ ಕೊಟ್ಟು, ನೀನ ನೀಲವ್ವ ಅಂತ ಹೇಳಿ ಹೋಗು ಅಂದಾ. ಹೋದೆ. ನನ್ನ ಹೆಸರು ರುದ್ರವ್ವ."

"ಇಷ್ಟ್ ವರ್ಷ ಯಾಕ ಹೇಳಲಿಲ್ರಿ?" ಎಂದಳು ಮಂಜರಿ.

"ಕೇಳಿದವರು ಯಾರಿದ್ರು?" ಎಂದಳು ರುದ್ರವ್ವ. ಮಾತಿನಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಪಗಾರದ ದಿವ್ಸ ಒಮ್ಮೆ ಅಕ್ಕನ ಹೆಸರು ಕೇಳತಿದ್ದೆ, ತಡಕೋತಿದ್ದೆ. ಬಾಕಿ ದಿವ್ಸ ಮಾವಶಿ ಅಂತಿದ್ರು, ಆರಾಮ ಇದ್ದೆ. ಇನ್ನ ದಿನಾ ನೂರು ಸಲ ಆಕಿನ್ನ ಕರೀತಾರ. ಸತ್ತಾಕಿನ್ನ ಎದಿ ಮ್ಯಾಲೆ ಹಚಗೊಂಡು ಹ್ಯಾಂಗ ತಿರಗ್ಯಾಡ್ಲಿ? ಬ್ಯಾಡ ಅಂದ್ರ ಯಾಕ ಅಂತಾರ. ಯಾಕ ಅಂತ ಹೇಳಿದ್ರ ನೌಕರಿ ಹೋಗತದ. ಎರಡ ವರ್ಷ ಉಳದಾವ್ರಿ."

ಕಾಯಿದೆಯ ಪ್ರಕಾರ ಮಂಜರಿ ಅಲ್ಲಿಂದ ಎದ್ದು ನೇರ ಸಾಹೇಬರ ಬಳಿ ಹೋಗಿ ಎಲ್ಲವನ್ನೂ ಹೇಳಬೇಕಿತ್ತು. ಅವಳು ಹೋಗಿ ಕೋಥರೂಡದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಡೀನರನ್ನು ಬೈದಳು, ಪಾಪ, ಅವರದೇನು ತಪ್ಪು? ಒಳ್ಳೆಯದು ಮಾಡಲು ಹೋಗಿ ಒಳಗಿದ್ದವಳನ್ನೇ ಹೊರಗೆ ಹಾಕುವಂತಾಗಿತ್ತು. ಮನೆ ಮುಟ್ಟುವಷ್ಟರಲ್ಲಿ ಅತ್ತೆ ಎಂದಿನಂತೆ "ಮಂಜರಿ, ಚಹಾ ಇಡು" ಎಂದರು. ಆಕೆ "ಬಂದೆ" ಎಂದಳು. ಎಂದವಳು ಚಪ್ಪಲಿ ಕಾಲಲ್ಲೇ ನಿಂತುಬಿಟ್ಟಳು.

ಮರುದಿನ ಬೆಳಿಗ್ಗೆ ಡೀನರ ಮುಂದೆ ಹೋಗಿ ಮರಾಠಿಯಲ್ಲಿ ಹೇಳಿದಳು: "ಸಾಹೇಬರೇ, ಸರ್ವಿಸ್ ಪುಸ್ತಕದ ಹೆಸರು ಪುಸ್ತಕದಲ್ಲೇ ಇರಲಿ. ಬಿಲ್ಲೆಯ ಮೇಲೆ ಅವರವರು ಹೇಳಿದ ಹೆಸರು ಹಾಕೋಣ."

"ಯಾಕೆ? ಒಬ್ಬರಿಗೆ ಎರಡು ಹೆಸರು ಇರುತ್ತದೆಯೇ?"

"ಈ ಊರಿನಲ್ಲಿ ಅರ್ಧ ಹೆಂಗಸರಿಗೆ ಇರುತ್ತದೆ. ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾರಲ್ಲ. ನನಗೂ ಬರೆದರು. ಹದಿನಾಲ್ಕು ವರ್ಷದಿಂದ ಮಂಜರಿ ಅಂದರೆ ಓ ಅನ್ನುತ್ತಿದ್ದೇನೆ. ನನ್ನ ಹೆಸರು ಇಂದೂ."

ಮನೆಯಲ್ಲಿ ಡೀನರ ಹೆಂಡತಿಗೂ ಒಂದು ಹಳೆಯ ಹೆಸರು ಇದ್ದೀತು. ಅವರು ಸಹಿ ಹಾಕಿದರು. ಇಂದೂ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ದೊಡ್ಡದಿತ್ತು, ಅದಕ್ಕೆ ಆಕೆ ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ.

ಮೂರು ದಿನ ಆಫೀಸಿನ ಮುಂದೆ ಹೆಂಗಸರ ಸಂತೆಯೇ ಸಂತೆ. ಎಲ್ಲರೂ ಹುಲಿ ಅಂತ ಹೆದರುತ್ತಿದ್ದ ಹೆಡ್ ಸಿಸ್ಟರ್ ತ್ರಿವೇಣಿ ಬಂದು, ಯಾರಿಗೂ ಕೇಳಿಸದ ಹಾಗೆ ಬಗ್ಗಿ "ಚಿಮಣಿ", ಅಂದರೆ ಗುಬ್ಬಿ, ಎಂದು ಬರೆಸಿ, ಸಂಜೆ ಧೈರ್ಯ ಸಾಲದೆ ಮತ್ತೆ ತ್ರಿವೇಣಿ ಮಾಡಿಸಿಕೊಂಡು ಹೋದಳು. ಲಿಫ್ಟಿನ ಪಂಢರಿನಾಥ ಮಾತ್ರ ತನಗೆ ಮಾಮಾ ಅನ್ನುವುದೇ ಸೈ, ಅದನ್ನೇ ಹಾಕಿರಿ ಎಂದು ಹಟ ಹಿಡಿದ. ಅದನ್ನೇ ಹಾಕಿದರು.

ಶುಕ್ರವಾರ ಲೆಕ್ಚರ್ ಹಾಲು ಕಿಕ್ಕಿರಿದಿತ್ತು. ಬಿಲ್ಲೆಗಳ ತಟ್ಟೆ ಹಿಡಿದು ಇಂದೂ ಡೀನರ ಪಕ್ಕದಲ್ಲಿ ನಿಂತಿದ್ದಳು. ಮಾವಶಿಯ ಸರದಿ ಬಂತು. ಇಸ್ತ್ರಿ ಮಾಡಿದ ಸೀರೆಯ ಮೇಲೆ ಬಿಲ್ಲೆ ಹಚ್ಚಿ ಡೀನರು ಗಟ್ಟಿಯಾಗಿ ಓದಿದರು, "ರುದ್ರವ್ವ."

ಆಕೆ ಕದಲಲಿಲ್ಲ. "ಇನ್ನೊಮ್ಮೆ ಕರೀರಿ" ಎಂದಳು, ಕನ್ನಡದಲ್ಲಿ.

ಡೀನರು ಗಾಬರಿಯಾಗಿ ಇಂದೂನ ಮುಖ ನೋಡಿದರು. ಇನ್ನೊಮ್ಮೆ ಕರೆಯಬೇಕಂತೆ ಎಂದು ಆಕೆ ಮರಾಠಿಯಲ್ಲಿ ತಿಳಿಸಿದಳು. ತಮ್ಮ ಉಚ್ಚಾರ ತಪ್ಪಿತೇನೋ ಎಂದುಕೊಂಡ ಆ ಒಳ್ಳೆಯ ಮನುಷ್ಯ, ಒಂದೊಂದೇ ಅಕ್ಷರ ಬಿಡಿಸಿ, "ರು-ದ್ರ-ವ್ವ" ಎಂದರು. ಹೆರಿಗೆ ವಾರ್ಡಿನವರೆಲ್ಲ ಎದ್ದು ಅದೇ ಹೆಸರು ಹಿಡಿದು ಕೂಗಿದರು. ಆಕೆಯ ಗಂಡ ತೀರಿದ ಮೇಲೆ ಹನ್ನೊಂದು ವರ್ಷದಲ್ಲಿ ಆ ಹೆಸರನ್ನು ಪುಣೆಯಲ್ಲಿ ಯಾರೂ ಅಂದಿರಲಿಲ್ಲ.

ರುದ್ರವ್ವ ತಟ್ಟೆಯ ಮೇಲೆ ಬಾಗಿ ಇಂದೂನ ಕಿವಿಯಲ್ಲಿ ಹೇಳಿದಳು: "ಅಕ್ಕನ್ನ ಇಪ್ಪತ್ತಾರ್ ವರ್ಷ ದುಡಿಸಿದೆ ಇಂದೂಬಾಯಾರ. ಇನ್ನ ಆಕಿ ಮಲಕೊಳ್ಳಲಿ."