ಗಿರಣಿ ನೋಡಲು ಬಂದವರು

ವಿದೇಶಿಯರ ಜೀಪು ಗಿರಣಿಯ ಮುಂದೆ ನಿಂತಾಗ ಮುತಿಂಟಾ ಟೀಚರೇ ಮುಂದೆ ಹೋಗಬೇಕಾಯಿತು. ಜಾಂಬಿಯಾದ ಆ ಹಳ್ಳಿಯಲ್ಲಿ ಇಂಗ್ಲಿಷು ಸಲೀಸಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ; ಎರಡೂ ಕಡೆಯ ಮಾತು ತಿರುಗಿಸಿ ಹೇಳುವವಳು ಅವಳೇ.

ಸಮುದ್ರದಾಚೆಯ ಶ್ರೀಮಂತ ದೇಶ ಕೊಟ್ಟ ಬಿಸಿಲಿನಿಂದ ನಡೆಯುವ ಹಿಟ್ಟಿನ ಗಿರಣಿ ಮೊದಲ ಮಳೆಗಾಲದಲ್ಲೇ ಕೆಟ್ಟು ಕೂತಿತ್ತು. ಬಿಸಿಲಿನಿಂದ ಕರೆಂಟು ಕೊಡುವ ಭಾಗ ಸುಟ್ಟುಹೋಗಿತ್ತು, ಬೇರೆಯದು ರಾಜಧಾನಿಯಲ್ಲೂ ಸಿಗಲಿಲ್ಲ. ಇವತ್ತು ಊರ ಯಜಮಾನ ಸಿಯಾಂಕೋಪೆ ಲಾರಿಗಳ ಬ್ಯಾಟರಿ ಕಡ ತಂದು, ಗೋಣಿಯಡಿ ಬಚ್ಚಿಟ್ಟು, ಗಿರಣಿ ತಿರುಗಿಸುತ್ತಿದ್ದ.

"ಕೆಟ್ಟಿದೆ ಅಂತ ಗೊತ್ತಾದ್ರೆ ನಾವು ಕೇಳಿರೋ ಹೆರಿಗೆ ಕೋಣೆ ಕೊಡ್ತಾರೇನಮ್ಮ? ನಿನ್ನ ತಂಗಿ ಮುಖ ನೋಡಿ ಮಾತಾಡು," ಎಂದು ಬೆಳಿಗ್ಗೆಯೇ ಮುತಿಂಟಾಳಿಗೆ ಹೇಳಿದ್ದ.

ತಂಗಿ ಲುಯಾಂಡೊ ತುಂಬು ಬಸುರಿ. ಹಿಂದಿನ ಕೂಸು ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲೇ ಪ್ರಾಣ ಬಿಟ್ಟಿತ್ತು.

ಜೀಪಿನಿಂದಿಳಿದ ಬಿಳಿಕೂದಲಿನ ಮೇಡಂ ಬಿಸಿ ಹಿಟ್ಟನ್ನು ಬೆರಳಲ್ಲಿ ಹಿಡಿದು ನಕ್ಕರು. ಆಗ ಊರಿನ ಮುದುಕಿ, ಚೂಲ್ವೆಯ ಅವ್ವ, ಗುಂಪಿನಿಂದ ಮುಂದೆ ಬಂದಳು.

"ಏ ತಾಯಿ, ಈ ಸತ್ತ ಹೆಣಕ್ಕೆ ಯಾಕೆ ಸಿಂಗಾರ? ನಾವಿನ್ನೂ ಜೋಳ ಹೊತ್ಕೊಂಡು ಬೀಸಿಸೋಕೆ ಪೇಟೆಗೇ ಹೋಗ್ತೀವಿ. ನಮ್ಮನ್ನ ಒಂದು ಮಾತು ಕೇಳಿ ಕೊಟ್ರಾ ಇದನ್ನ?"

"ಏನಂತಾರೆ?" ಮೇಡಂ ಕೇಳಿದರು.

ಯಜಮಾನ ಮುತಿಂಟಾಳನ್ನೇ ನೋಡುತ್ತಿದ್ದ. ಲುಯಾಂಡೊ ಹೊಟ್ಟೆ ಹಿಡಿದು ನಿಂತಿದ್ದಳು.

"ಗಿರಣಿ ಬಂದಮೇಲೆ ಪೇಟೆಗೆ ನಡೆಯೋದು ತಪ್ಪಿತಂತೆ. ಪುಣ್ಯ ಬರಲಿ ಅಂತಿದ್ದಾರೆ," ಎಂದಳು ಮುತಿಂಟಾ.

ಮೇಡಂ ಮುದುಕಿಯನ್ನು ತಬ್ಬಿಕೊಂಡರು. ಮುದುಕಿ ಕಕ್ಕಾಬಿಕ್ಕಿ. "ಸರಿಯಾಗಿ ಹೇಳಿದೀಯೇನೇ?" ಎಂದು ಮುತಿಂಟಾಳನ್ನು ಗದರಿದಳು.

"ಹಾಗಾದರೆ ನಿರ್ಧಾರ ಸುಲಭವಾಯಿತು. ಇರುವ ದುಡ್ಡಿನಲ್ಲಿ ಒಂದೇ ಕೆಲಸ ಸಾಧ್ಯ. ಇಷ್ಟು ಚೆನ್ನಾಗಿ ನಡೀತಿರುವಾಗ, ಇಂಥವೇ ಇನ್ನೆರಡು ಗಿರಣಿ ಕೊಡ್ತೀವಿ. ಅವರಿಗೆ ಹೇಳಿ," ಎಂದರು ಮೇಡಂ.

ಊರಿನವರಿಗೆ ಹೇಳುವ ಬದಲು ಮುತಿಂಟಾ ಕೇಳಿದಳು: "ಹೆರಿಗೆ ಕೋಣೆ, ಮೇಡಂ...?"

"ಅದು ನಿಮ್ಮ ಸರ್ಕಾರದ್ದಲ್ಲವೇ?"

ಈಗ ನಿಜ ಹೇಳಿದರೆ ಗಿರಣಿಯೂ ಇಲ್ಲ, ಕೋಣೆಯೂ ಇಲ್ಲ. ಇಡೀ ಊರೇ ಸುಳ್ಳುಬುರುಕರ ಊರಾಗುತ್ತದೆ. ಅವಳು ಊರಿನವರ ಕಡೆ ತಿರುಗಿ, ಇನ್ನೆರಡು ಗಿರಣಿ ಬರುತ್ತವೆ ಎಂದು ಹೇಳಿದಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಯಜಮಾನನೇ ಶುರುಮಾಡಿದ.

"ಅಕ್ಕಾ, ನನ್ನ ಕೋಣೆ ವಿಷಯ ಕೇಳಿದೆಯಾ?" ಎಂದಳು ಲುಯಾಂಡೊ.

"ಕೇಳಿದೆ ಕಣೇ."

"ಏನಂದ್ರು?"

ಅಷ್ಟರಲ್ಲಿ ಮೇಡಂ ಮುತಿಂಟಾಳ ಭುಜ ಹಿಡಿದು ಗಿರಣಿಯ ಪಕ್ಕ ನಿಲ್ಲಿಸಿಕೊಂಡರು. ಮುಂದಿನ ತಿಂಗಳು ರಾಜಧಾನಿಯ ಸಭೆಗೆ ಬಂದು, ಈ ಗಿರಣಿ ಊರನ್ನು ಹೇಗೆ ಬದಲಿಸಿತು ಅಂತ ಅವಳೇ ಹೇಳಬೇಕಂತೆ. ಕ್ಯಾಮೆರಾದವನು ನಗಲು ಸನ್ನೆ ಮಾಡಿದ. ತಂಗಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

ಮುತಿಂಟಾ ನಕ್ಕಳು.