ಸ್ಟ್ರೆಪ್ಟೊಮೈಸಿನ್ ಕಲಸುವ ಕೈಗಳು

ಮುನಿಗಂಗಮ್ಮನನ್ನು ಕೆಲಸದಿಂದ ತೆಗೆದ ದಿನ ಶ್ಯಾಮಲಮ್ಮ ಊಟ ಮಾಡಲಿಲ್ಲ. ಹೊಟ್ಟೆಯೊಳಗೆ ಸಿಟ್ಟು ತುಂಬಿಕೊಂಡಿದ್ದರೆ ಮುದ್ದೆ ಎಲ್ಲಿ ಇಳಿಯುತ್ತದೆ?

ಅದು ೧೯೭೮ನೆಯ ಇಸವಿ. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟಿನವರು ಕ್ಷಯರೋಗಿಗಳಿಗಾಗಿ ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಶ್ಯಾಮಲಮ್ಮ ಅಲ್ಲಿ ಹನ್ನೊಂದು ವರ್ಷದಿಂದ ನರ್ಸು. ಮುನಿಗಂಗಮ್ಮ ಅವಳ ಕೈಕೆಳಗಿನ ಸಹಾಯಕಿ. ಬೆಳಗಾದರೆ ಅರವತ್ತು ಜನಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚಬೇಕು. ಔಷಧಿ ಪುಟ್ಟ ಗಾಜಿನ ಸೀಸೆಯಲ್ಲಿ ಪುಡಿಯಾಗಿ ಬರುತ್ತಿತ್ತು. ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ, ಸಿರಿಂಜಿನಿಂದ ನೀರು ತಳ್ಳಿ, ಕುಲುಕಿ, ಕರಗಿದ ಮೇಲೆ ಎಳೆದುಕೊಳ್ಳಬೇಕು. ಸೂಜಿ ಕೀಳುವಾಗ ಪ್ರತಿಸಲವೂ ಔಷಧಿ ಚಿಮ್ಮುತ್ತಿತ್ತು. ಬೆರಳಿಗೆ, ಮಣಿಕಟ್ಟಿಗೆ, ಕೆಲವೊಮ್ಮೆ ಕಣ್ಣಿಗೆ.

ಎರಡು ವರ್ಷದಲ್ಲಿ ಮುನಿಗಂಗಮ್ಮನ ಬೆರಳ ಸಂದುಗಳು ಸೀಳು ಬಿಟ್ಟವು. ಆಮೇಲೆ ರೆಪ್ಪೆಗಳು ಊದಿಕೊಂಡು ಕಣ್ಣು ತೆರೆಯುವುದೇ ಕಷ್ಟವಾಯಿತು. ಆಸ್ಪತ್ರೆಯ ಡಾಕ್ಟರು ಚಂದ್ರಶೇಖರ ದೂರದಿಂದಲೇ ನೋಡಿ, "ಸೋಪಿನ ಅಲರ್ಜಿ" ಎಂದು ಬರೆದರು. ಔಷಧಿ ಚಿಮ್ಮಿಯೇ ಹೀಗಾಗಿದೆ ಎಂದು ಹೇಳಿ ಅವಳು ಗ್ಲೌಸು ಕೇಳಿದ್ದಕ್ಕೆ, "ಅದೆಲ್ಲ ಆಪರೇಷನ್ ಮಾಡೋರಿಗೆ ಕಣಮ್ಮ" ಅಂದರು. ಕೊನೆಗೆ, ಇಂಥ ಕೈ ನೋಡಿದರೆ ರೋಗಿಗಳು ಹೆದರುತ್ತಾರೆ ಎಂದು ಅವಳನ್ನು ಮನೆಗೆ ಕಳಿಸಿದರು.

"ಅಯ್ಯೋ ದೇವುಡಾ, ಸೋಪು ಎಲ್ಲಿಂದ ಬಂತಕ್ಕ? ನಮ್ಮನೇಲಿ ಸೀಗೆಪುಡಿ ಬಿಟ್ರೆ ಏನೂ ಇಲ್ವಲ್ಲ" ಎಂದು ಮುನಿಗಂಗಮ್ಮ ಗೇಟಿನ ಬಳಿ ಅತ್ತಳು.

ಶ್ಯಾಮಲಮ್ಮನ ಬೆರಳುಗಳಲ್ಲೂ ಆಗಲೇ ತುರಿಕೆ ಶುರುವಾಗಿತ್ತು.

ಮರುದಿನ ಇಂಜೆಕ್ಷನ್ನಿಗೆ ಬಂದ ಚನ್ನರಾಯಪ್ಪ ಅವಳ ಮುಖ ನೋಡಿ ಏನಾಯಿತೆಂದು ಕೇಳಿದ. ಅವನು ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತನಾದವನು. ಅವಳು ಹೇಳಿದ್ದನ್ನೆಲ್ಲ ಕೇಳಿ, ಅವಳು ಸೂಜಿ ಕೀಳುವುದನ್ನು ಬಗ್ಗಿ ನೋಡಿದ.

"ಸೀಸೇಲಿ ಗಾಳಿ ಹೋಗಕ್ಕೆ ದಾರಿ ಇಲ್ಲ ಸಿಸ್ಟರಮ್ಮ. ನೀವು ನೀರು ತಳ್ತೀರ, ಗಾಳಿ ಒತ್ತಾಗಿ ಕೂತ್ಕೊಂತದೆ. ಸೂಜಿ ಕಿತ್ತ ತಕ್ಷಣ ಔಷಧಿನೂ ಎಳ್ಕೊಂಡು ಆಚೆ ನುಗ್ತದೆ. ಇದು ನಿಮ್ಮ ಕೈ ತಪ್ಪಲ್ಲ."

"ಗಾಳಿಗೆ ಬೇರೆ ದಾರಿ ಕೊಟ್ರೆ?"

"ಕೊಡಬಹುದು. ಹೆಂಗಿರಬೇಕು ಅಂತ ನೀವು ಹೇಳಿ, ನಾನು ಮಾಡ್ತೀನಿ."

ಶ್ಯಾಮಲಮ್ಮ ಜ್ವರದ ಚಾರ್ಟಿನ ಬೆನ್ನ ಮೇಲೆ ಚಿತ್ರ ಬರೆದಳು. ಸೀಸೆಯ ಕುತ್ತಿಗೆಗೆ ಬಿಗಿಯಾಗಿ ಕೂರುವ ಹಿತ್ತಾಳೆಯ ಬಟ್ಟಲು. ಅದರ ನಡುವೆ ಎರಡು ಸೂಜಿ: ಔಷಧಿಗೆ ದಪ್ಪನೆಯದು, ಗಾಳಿಗೆ ತೆಳ್ಳನೆಯದು. ಗಾಳಿಸೂಜಿಯ ಹೊರತುದಿಗೆ ಹತ್ತಿ ತುಂಬಿದ ಕೊಳವೆ. ಹನಿ ಚಿಮ್ಮಿದರೂ ಬಟ್ಟಲೊಳಗೇ ಉಳಿಯಬೇಕು. ಎಲ್ಲವನ್ನೂ ಬಿಚ್ಚಿ ನೀರಲ್ಲಿ ಕುದಿಸುವಂತಿರಬೇಕು.

ಖಾಲಿ ಸೀಸೆಗಳಿಗೆ ನೀಲಿ ಇಂಕು ಹಾಕಿ, ಮೇಜಿಗೆ ಬಿಳಿ ಬಟ್ಟೆ ಹಾಸಿ ಪರೀಕ್ಷೆ ಮಾಡಿದರು. ಮೊದಲನೆಯದು ಕೆಟ್ಟಿತು. ಸೀಸೆಯನ್ನು ತಲೆಕೆಳಗು ಮಾಡಿದ ಕೂಡಲೇ ಗಾಳಿಸೂಜಿಯಿಂದ ಇಂಕು ತೊಟ್ಟಿಕ್ಕಿ ಹತ್ತಿ ನೆನೆಯಿತು. "ಅದರ ತುದಿ ನೀರಲ್ಲಿ ಮುಳುಗಿದೆ ಕಣಪ್ಪ, ನೀರಿನ ಮೇಲಕ್ಕೆ ಬರೋವಷ್ಟು ಉದ್ದ ಇರ್ಲಿ" ಎಂದಳು ಶ್ಯಾಮಲಮ್ಮ. ಎರಡನೆಯದರಲ್ಲಿ ದಪ್ಪ ಸೂಜಿ ರಬ್ಬರನ್ನೇ ಕೊರೆದು ಚೂರುಗಳನ್ನು ಒಳಗೆ ಬೀಳಿಸಿತು. ಚನ್ನರಾಯಪ್ಪ ತುದಿಯನ್ನು ಓರೆಯಾಗಿ ಮಸೆದು ತಂದ. ಮೂರನೆಯದರಲ್ಲಿ ಇಪ್ಪತ್ತು ಸೀಸೆ ಮುಗಿದರೂ ಬಟ್ಟೆಯ ಮೇಲೆ ಒಂದು ಚುಕ್ಕೆ ಬೀಳಲಿಲ್ಲ.

ಒಂದು ತಿಂಗಳು ಅದನ್ನೇ ಬಳಸಿದಳು. ಅವಳ ಬೆರಳ ತುರಿಕೆ ಕಡಿಮೆಯಾಯಿತು. ಅಷ್ಟರಲ್ಲಿ ಅದು ಡಾಕ್ಟರ ಕಣ್ಣಿಗೆ ಬಿತ್ತು; ಮಾಡಿದ್ದು ಯಾರೆಂದೂ ತಿಳಿಯಿತು.

"ಯಾರನ್ನ ಕೇಳಿ ಇಟ್ಕೊಂಡ್ರಿ ಇದನ್ನ? ಫಿಟ್ಟರ್ ಮಾಡಿದ್ದು ಬೋರ್‌ವೆಲ್ಲಿಗೆ ಸರಿ, ಆಸ್ಪತ್ರೆಗಲ್ಲ."

"ಔಷಧಿ ತಾಗೋದು ಸೂಜಿಗೆ ಮಾತ್ರ ಸಾರ್. ಅದೂ ಆಸ್ಪತ್ರೇದೇ ಸೂಜಿ. ದಿನಾ ಕುದಿಸ್ತೀನಿ. ನೀವೇ ಒಂದ್ಸಲ ನೋಡಿ."

ಅವರು ನೋಡಲಿಲ್ಲ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದರು. ಶ್ಯಾಮಲಮ್ಮ ಮತ್ತೆ ಬರಿಗೈಯಲ್ಲಿ ಕಲಸಿದಳು. ರೋಗಿಗಳಿಗೆ ಒಂದು ದಿನವೂ ಔಷಧಿ ತಪ್ಪುವಂತಿರಲಿಲ್ಲ. ಅದು ಡಾಕ್ಟರಿಗೂ ಗೊತ್ತಿತ್ತು. ಇವಳು ಬಿಟ್ಟುಹೋಗಲಾರಳೆಂಬ ಧೈರ್ಯದಿಂದಲೇ ಅವರು ಬೀಗ ಹಾಕಿದ್ದಾರೆ ಎಂದು ಹೊಳೆದಾಗ ಅವಳ ಮೈ ಉರಿಯಿತು.

ಆ ವಾರವೇ ಟ್ರಸ್ಟಿನ ಸಭೆಯಿತ್ತು. ಐದು ಜನ ಸದಸ್ಯರು, ಜೊತೆಗೆ ಡಾಕ್ಟರು. ಮುಳಬಾಗಿಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದು ನಿವೃತ್ತರಾದ ಅನಂತಲಕ್ಷ್ಮಿ ಅಧ್ಯಕ್ಷರು. ಶ್ಯಾಮಲಮ್ಮ ಯಾರೂ ಕರೆಯದೆಯೇ ಒಳಗೆ ಹೋಗಿ, ತಳಕ್ಕೆ ಇಂಕು ಹಾಕಿದ ಐದು ಸೀಸೆಗಳನ್ನೂ ನೀರನ್ನೂ ಸಿರಿಂಜನ್ನೂ ಡಾಕ್ಟರ ಮುಂದಿಟ್ಟಳು.

"ಸಾರ್, ನಾವು ದಿನಾ ಅರವತ್ತು ಮಾಡ್ತೀವಿ. ನೀವು ಐದು ಮಾಡಿ ತೋರಿಸಿ ಸಾಕು."

"ಇದೇನ್ ನಾಟಕ?" ಡಾಕ್ಟರು ಎದ್ದರು.

"ಕೂತ್ಕೊಳಿ ಡಾಕ್ಟ್ರೇ," ಅನಂತಲಕ್ಷ್ಮಿ ಹೇಳಿದರು. "ಐದು ಸೀಸೆ ತಾನೇ? ಮಾಡಿ."

ಎರಡನೆಯ ಸೀಸೆಗೇ ಅವರ ಬಿಳಿ ಕೋಟಿನ ತೋಳಿಗೆ ನೀಲಿ ಬಿತ್ತು. ನಾಲ್ಕನೆಯದಕ್ಕೆ ಗಲ್ಲ, ಕನ್ನಡಕ. ಐದನೆಯದನ್ನು ಅವರು ಮುಟ್ಟಲಿಲ್ಲ.

"ಇದು ಸೋಪಾ ಸಾರ್?" ಶ್ಯಾಮಲಮ್ಮ ಕೇಳಿದಳು. "ಮುನಿಗಂಗಮ್ಮನ ಮೇಲೆ ಎರಡು ವರ್ಷ ಬಿದ್ದಿದ್ದು ಇದೇ. ಬಣ್ಣ ಇರ್ಲಿಲ್ಲ, ಅದಕ್ಕೆ ನಿಮಗೆ ಕಾಣ್ಲಿಲ್ಲ. ಅವಳಿಗೆ ಕಾಣ್ತಿತ್ತು, ಹೇಳಿದ್ಳು. ನೀವು ಕೇಳ್ಳಿಲ್ಲ."

ಅನಂತಲಕ್ಷ್ಮಿ ಕೈಚಾಚಿ, "ಬೀರುವಿನ ಕೀಲಿ ಕೊಡಿ" ಎಂದರು. ಹಿತ್ತಾಳೆ ಬಟ್ಟಲನ್ನು ತರಿಸಿ ತಾವೇ ಹತ್ತು ಸೀಸೆ ಮಾಡಿ ನೋಡಿದರು. ಅವರ ಸೀರೆಗೆ ಒಂದು ಹನಿಯೂ ತಾಗಲಿಲ್ಲ. ಇನ್ನು ಮುಂದೆ ಇದರಲ್ಲೇ ಕಲಸಬೇಕು, ಮುನಿಗಂಗಮ್ಮನನ್ನು ಮತ್ತೆ ಕರೆಸಬೇಕು ಎಂದು ಅಂದೇ ತೀರ್ಮಾನವಾಯಿತು.

ಆದರೆ ಶ್ಯಾಮಲಮ್ಮ ಅಲ್ಲಿಂದ ಕದಲಲಿಲ್ಲ. ಸೋಪೆಂದು ಬರೆದದ್ದನ್ನು ತಿದ್ದಿ ಕೊಡಬೇಕೆಂದು ನಿಂತಳು. ಡಾಕ್ಟರು ಬೇರೆ ಕಾಗದದಲ್ಲಿ, "ಬಹುಶಃ ಔಷಧಿಯಿಂದ" ಎಂದು ಬರೆದುಕೊಟ್ಟರು. ಅವಳು ಅದನ್ನು ಅವರಿಗೇ ವಾಪಸು ಚಾಚಿದಳು.

"ಸೋಪು ಅಂತ ಬರೆಯೋವಾಗ ಬಹುಶಃ ಇರ್ಲಿಲ್ಲ ಸಾರ್."

ಡಾಕ್ಟರು ತಲೆಯೆತ್ತದೆ ಆ ಒಂದು ಪದವನ್ನು ಹೊಡೆದು ಹಾಕಿ ಸಹಿ ಮಾಡಿದರು. ತಪ್ಪಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಚನ್ನರಾಯಪ್ಪ ಇನ್ನೂ ನಾಲ್ಕು ಬಟ್ಟಲು ಮಾಡಿಕೊಟ್ಟ. ಶ್ಯಾಮಲಮ್ಮನ ಕೈ ಪೂರ್ತಿ ವಾಸಿಯಾಯಿತು. ಮುನಿಗಂಗಮ್ಮನೂ ಬಂದಳು. ಆದರೆ ಅವಳ ಮೈಗೆ ಆ ಔಷಧಿಯ ಗಾಳಿ ಸೋಕಿದರೂ ಆಗದ ಸ್ಥಿತಿ ಬಂದುಬಿಟ್ಟಿತ್ತು; ಇಂಜೆಕ್ಷನ್ ಕೋಣೆಯೊಳಗೆ ಹತ್ತು ನಿಮಿಷ ನಿಂತರೂ ರೆಪ್ಪೆ ಊದುತ್ತಿತ್ತು. ಹಾಗಾಗಿ ಮುಂಬಾಗಿಲಲ್ಲಿ ಕುಳಿತು ರೋಗಿಗಳಿಗೆ ಚೀಟಿ ಕೊಡುವ ಕೆಲಸ ಅವಳಿಗೆ ಸಿಕ್ಕಿತು. ಆ ಕೋಣೆಯ ಮುಂದೆ ಹಾಯುವಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬೇಗ ಬೇಗ ನಡೆಯುತ್ತಿದ್ದಳು. ಮೊದಲ ಸಲ ಹೇಳಿದಾಗಲೇ ಯಾರಾದರೂ ಕಿವಿಗೊಟ್ಟಿದ್ದರೆ ಹೀಗೆ ಓಡಬೇಕಾಗಿತ್ತೇ ಎಂದು ಒಳಗಿನಿಂದ ನೋಡುತ್ತಿದ್ದ ಶ್ಯಾಮಲಮ್ಮನಿಗೆ ಪ್ರತಿಸಲವೂ ಸಿಟ್ಟು ಉಕ್ಕುತ್ತಿತ್ತು. ಅದು ಕೊನೆಯವರೆಗೂ ಆರಲಿಲ್ಲ.