ಬಿದ್ದದ್ದಲ್ಲ, ಕೂತದ್ದು

"ಒಂದು ಸಲನೂ ಇಲ್ಲ ತಂಗಿ, ಸೊನ್ನೆ ಬರ್ಕ" ಎಂದು ದುರ್ಗಮ್ಮ ಹೇಳಿ ಮುಗಿಸುವುದಕ್ಕೂ ಹಿತ್ತಲಲ್ಲಿ ಧೊಪ್ಪನೆ ಸದ್ದಾಗುವುದಕ್ಕೂ ಸರಿಹೋಯಿತು.

ಸುಚಿತಾ ಪೆನ್ನು ಹಿಡಿದವಳು ಹಿಡಿದಂತೆಯೇ ಓಡಿದಳು. ಬಾವಿಕಟ್ಟೆಯ ಪಕ್ಕದ ಮರಳಲ್ಲಿ, ಮೆತ್ತನೆ ಹೊಯ್ಗೆಯಲ್ಲಿ, ದುರ್ಗಮ್ಮನ ಗಂಡ ದಾಸ ಎರಡೂ ಕಾಲು ಚಾಚಿಕೊಂಡಿದ್ದ. ಕೊಡಪಾನ ತೆಂಗಿನ ಬುಡದವರೆಗೆ ಉರುಳಿ ಹೋಗಿತ್ತು. ಪೆಟ್ಟೇನೂ ಆಗಿರಲಿಲ್ಲ. ಸುಚಿತಾ ತಾನೇ ಕಲಿಸಿದ್ದ ಕ್ರಮದಲ್ಲಿ, ಮೊದಲು ಮಗ್ಗುಲಾಗಿ, ಆಮೇಲೆ ಮೊಣಕಾಲೂರಿ, ಕಟ್ಟೆ ಹಿಡಿದು ಅವನು ಎದ್ದು ನಿಂತ. ಕಾಯಿಲೆಯಿಂದ ಅವನ ಮುಖದಲ್ಲಿ ನಗು ಅಳು ಎರಡೂ ಸುಲಭಕ್ಕೆ ಕಾಣುತ್ತಿರಲಿಲ್ಲ. ಕಣ್ಣು ಮಾತ್ರ ಸಿಕ್ಕಿಬಿದ್ದ ಕಳ್ಳನ ಕಣ್ಣಿನ ಹಾಗಿತ್ತು.

ಸುಚಿತಾ ಹಳದೀಪುರದವಳು, ಫಿಸಿಯೋಥೆರಪಿಸ್ಟ್. ಕುಮಟೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ನಾಗಭೂಷಣ ಪಾರ್ಕಿನ್ಸನ್ ಕಾಯಿಲೆಯವರ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದರು. ಭಟ್ಕಳದಿಂದ ತದಡಿಯವರೆಗೆ ನಲವತ್ತು ಮಂದಿ. ಅರ್ಧ ಜನರಿಗೆ ಮಾಮೂಲಿ ವ್ಯಾಯಾಮ, ಇನ್ನರ್ಧ ಜನರಿಗೆ, ದಾಸನೂ ಅವರಲ್ಲೊಬ್ಬ, ನೆಲದ ಮೇಲೆ ಅಂಟಿಸಿದ ಬಣ್ಣದ ಪಟ್ಟಿಗಳನ್ನು ತಾಳಕ್ಕೆ ಸರಿಯಾಗಿ ದಾಟುವ ನಡಿಗೆ. ಈ ಕಾಯಿಲೆಯವರ ಕಾಲು ಬಾಗಿಲ ಬಳಿಯೋ ತಿರುವಿನಲ್ಲೋ ಇದ್ದಕ್ಕಿದ್ದಂತೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಕಣ್ಣೆದುರು ದಾಟಲೊಂದು ಗೆರೆಯಿದ್ದರೆ ಎಷ್ಟೋ ಸಲ ಬಿಡುತ್ತದೆ. ಯಾವ ಅಭ್ಯಾಸ ಬೀಳುವುದನ್ನು ಹೆಚ್ಚು ತಗ್ಗಿಸುತ್ತದೆ ಎಂಬುದೇ ಪ್ರಶ್ನೆ. ಅದಕ್ಕಾಗಿ ಪ್ರತಿ ಮನೆಗೂ ಒಂದು ಕಾರ್ಡು ಕೊಟ್ಟಿದ್ದರು. ದಿನಕ್ಕೆಷ್ಟು ಸಲ ಬಿದ್ದರು ಎಂದು ಮನೆಯವರು ಅಂಕೆ ಹಾಕಿಡಬೇಕು, ಸುಚಿತಾ ತಿಂಗಳಿಗೊಮ್ಮೆ ಬಂದು ನೋಡಬೇಕು. ಮೂರು ತಿಂಗಳಿಂದ ದಾಸನ ಕಾರ್ಡಿನ ತುಂಬ ಮುದ್ದಾದ ಸೊನ್ನೆಗಳಿದ್ದವು.

"ದುರ್ಗಕ್ಕ, ಇದು ಬಿದ್ದದ್ದಲ್ವಾ?" ಎಂದು ಸುಚಿತಾ ಕೇಳಿದಳು.

"ಛೆ, ಅಲ್ಲ. ಇವ್ರು ಕೂತ್ರು" ಎಂದಳು ದುರ್ಗಮ್ಮ. ಅವಳ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ.

ಸುಚಿತಾಳಿಗೆ ಸಿಟ್ಟೂ ಬಂತು, ನಗುವೂ ಬಂತು. ಹಾಗಿದ್ದರೆ ಈ ಮೂರು ತಿಂಗಳಲ್ಲಿ ಎಷ್ಟು ಸಲ ಕೂತರು ಎಂದು ಕೇಳಿದಳು.

"ಕೂತದ್ದಾ? ಕೂತದ್ದು ಬೇಕಾರೆ ಕೇಳು. ಇವತ್ತಿಂದು ಸೇರಿ ಹದಿನೆಂಟು."

ಮತ್ತೆ ಒಂದೊಂದಾಗಿ ಹೇಳುತ್ತ ಹೋದಳು. ಅವಳಿಗೆ ತಾರೀಖು ಬೇಕಿರಲಿಲ್ಲ. ಹುಣ್ಣಿಮೆಯ ಮಾರನೆ ದಿನ ಬೇಲಿಯ ದಣಪೆ ದಾಟುವಾಗ ಒಂದು, ಅಮಾವಾಸ್ಯೆಗೆ ಮೂರು ದಿನ ಇದೆ ಎನ್ನುವಾಗ ಬಚ್ಚಲ ಬಾಗಿಲಲ್ಲಿ ಒಂದು, ಇಡಗುಂಜಿಗೆ ಹೋಗಿ ಬಂದ ದಿನ ಬಸ್ಸಿಳಿಯುವಾಗ ಒಂದು. ಸುಚಿತಾ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡು ಕೂಡಿಸಿದಳು. ಮೊದಲ ತಿಂಗಳು ಹನ್ನೊಂದು, ಎರಡನೆಯ ತಿಂಗಳು ಐದು, ಈ ತಿಂಗಳು ಎರಡು.

ಇದೊಂದು ಮೋಸ ಎಂದು ಯಾರಾದರೂ ಹೇಳಿದರೆ ದುರ್ಗಮ್ಮನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ದಾಸನ ಅಣ್ಣ ಬೊಮ್ಮ ಒಂದು ಬೆಳಿಗ್ಗೆ ದೋಣಿ ಹತ್ತುವಾಗ ಅವರ ತಾಯಿ ನಾಗಿ, "ನೋಡ್ಕಂಡು ಹತ್ತು ಮಾರಾಯ, ಬಿದ್ದೋಗ್ತೆ" ಎಂದಿದ್ದಳು. ಬೊಮ್ಮ ವಾಪಸ್ಸು ಬರಲಿಲ್ಲ. ಅಂದಿನಿಂದ ನಾಗಿ ಬೀಳು ಎಂಬ ಶಬ್ದವನ್ನು ಮನೆಯಿಂದಲೇ ಹೊರಗೆ ಹಾಕಿದಳು. ಆ ಮನೆಯಲ್ಲಿ ತೆಂಗಿನಕಾಯಿ ಇಳಿಯುತ್ತದೆ, ಮಳೆ ಬರುತ್ತದೆ, ಮಕ್ಕಳು ಕೂರುತ್ತವೆ. ಸೊಸೆಯಾಗಿ ಬಂದು ಮೂವತ್ತೆಂಟು ವರ್ಷ ಹೀಗೆ ಮಾತಾಡಿದ ಬಾಯಿಗೆ ಆಸ್ಪತ್ರೆಯ ಕಾರ್ಡು ಬಂದು "ಬಿದ್ದರೇ?" ಎಂದು ಕೇಳಿದರೆ, ಗಂಡನ ಹೆಸರಿನ ಮುಂದೆ ಅದನ್ನು ಹೌದೆನ್ನಲು ನಾಲಿಗೆ ಏಳುವುದಾದರೂ ಹೇಗೆ?

ದಾಸನ ಸಂಗತಿ ಬೇರೆ. ಅವನಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿದ್ದೇ ಬಾಯಿ ಮುಚ್ಚಿಕೊಂಡಿದ್ದ. ನಲವತ್ತು ವರ್ಷ ದೋಣಿಯ ಚುಕ್ಕಾಣಿ ಹಿಡಿದವನು ಎರಡು ವರ್ಷದಿಂದ ನೀರಿಗೆ ಇಳಿದಿರಲಿಲ್ಲ. ಈಗ ದೋಣಿ ನಡೆಸುತ್ತಿದ್ದ ತಮ್ಮ ದಿನಕರ, ಡಾಕ್ಟರ್ ಹೂಂ ಅನ್ನುವ ತನಕ ಅಣ್ಣನನ್ನು ಹತ್ತಿಸುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದ. ಡಾಕ್ಟರು, ಮೂರು ತಿಂಗಳು ಬೀಳದೆ ಇರಿ, ಆಮೇಲೆ ದೋಣಿಯ ವಿಚಾರ ನೋಡೋಣ ಎಂದಿದ್ದರು. ಆ ಮೂರು ತಿಂಗಳು ನಾಳೆಗೆ ಮುಗಿಯುವುದಿತ್ತು.

ಸುಚಿತಾ ಕಾರ್ಡನ್ನು ಮುಂಬದಿಗೆ ತಿರುಗಿಸಿದಳು, ಪೆನ್ನು ಮಾತ್ರ ಓಡಲಿಲ್ಲ. ಹದಿನೆಂಟು ಎಂದು ಬರೆದರೆ ಈ ಮನುಷ್ಯನ ಕೈಯಿಂದ ದೋಣಿಯನ್ನು ತಾನೇ ಕಿತ್ತುಕೊಂಡ ಹಾಗೆ. ಅವಳಿಗೆ ನಿಜಕ್ಕೂ ಸಂಕಟವಾಯಿತು. ದಾಸ ಅವಳ ಮುಖ ನೋಡಿಯೇ ಅರ್ಥ ಮಾಡಿಕೊಂಡ. ಅವನ ಧ್ವನಿ ಈಗೀಗ ತೀರ ಸಣ್ಣದಾಗಿತ್ತು, ಕೇಳಲು ಹತ್ತಿರ ಬಗ್ಗಬೇಕಿತ್ತು.

"ಬರ್ಕ ತಂಗಿ" ಎಂದ. "ನೀರಿನ ಹತ್ರ ಸುಳ್ಳು ನಡೂದಿಲ್ಲ. ನಾ ಒಬ್ನೇ ಆದ್ರೆ ಬೇರೆ. ದೋಣಿಲಿ ದಿನಕರನೂ ಇರ್ತ."

ಅವಳು ಬರೆದಳು.

ಮರುದಿನ ಡಾಕ್ಟರ್ ನಾಗಭೂಷಣರು ಕಾರ್ಡು ನೋಡಿ ತಲೆಯ ಮೇಲೆ ಕೈ ಹೊತ್ತರು. ದಾಸನ ಮನೆಯ ಸೊನ್ನೆ ಹೀಗಾದರೆ ಉಳಿದ ಮೂವತ್ತೊಂಬತ್ತು ಮನೆಗಳ ಅಂಕೆಯನ್ನು ನಂಬುವುದು ಹೇಗೆ? ಸುಚಿತಾ ಎರಡು ವಾರ ಬಸ್ಸು ಹತ್ತಿ ಇಳಿದು ಎಲ್ಲರನ್ನೂ ಮತ್ತೆ ಕೇಳಿಕೊಂಡು ಬಂದಳು. ಶಬ್ದಕ್ಕೆ ಬಾಗಿಲು ಹಾಕಿದ್ದು ದಾಸನ ಮನೆಯೊಂದೇ. ಆದರೆ ಒಂದು ಮನೆಯಲ್ಲಿ ಹೊಯ್ಗೆಯ ಮೇಲೆ ಬಿದ್ದದ್ದು ಲೆಕ್ಕಕ್ಕಿರಲಿಲ್ಲ, ಇನ್ನೊಂದರಲ್ಲಿ ತಾನಾಗಿ ಎದ್ದರೆ ಬಿದ್ದದ್ದೇ ಅಲ್ಲ. ಎಲ್ಲವನ್ನೂ ಓದಿದ ಡಾಕ್ಟರಿಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯೇ ಆಯಿತು. ತಪ್ಪು ನಮ್ಮ ಪ್ರಶ್ನೆಯದು, ಅವರ ಉತ್ತರದ್ದಲ್ಲ ಎಂದರು. ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಬರೆದು ಕಾರ್ಡು ಬದಲಿಸಿದರು. ಹೊಸ ಕಾರ್ಡಿನಲ್ಲಿ "ಬೇಕೆಂದಲ್ಲದೆ ಮೈ ನೆಲ ಮುಟ್ಟಿದ್ದು ಎಷ್ಟು ಸಲ?" ಎಂದಿತ್ತು. ಸುಚಿತಾ ಅದನ್ನು ಓದಿ ಹೇಳಿದಾಗ ದುರ್ಗಮ್ಮ, ಇದನ್ನು ಮೊದಲೇ ಹೀಗೆ ಕೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ಆಸ್ಪತ್ರೆಯನ್ನೇ ತರಾಟೆಗೆ ತೆಗೆದುಕೊಂಡಳು.

ದೋಣಿಯ ವಿಚಾರ ಮಾತ್ರ ಬಾಕಿಯಿತ್ತು. ದಾಸ ಆಸೆ ಬಿಟ್ಟೇ ಆಸ್ಪತ್ರೆಗೆ ಹೋಗಿದ್ದ. ಡಾಕ್ಟರು ಅವನನ್ನು ವರಾಂಡದ ಉದ್ದಕ್ಕೂ ನಡೆಸಿದರು, ತಿರುಗಿಸಿದರು, ಹಿಂದಿನಿಂದ ಭುಜ ಎಳೆದು ಆಯ ತಪ್ಪುತ್ತದೆಯೇ ಎಂದು ನೋಡಿದರು. ಮತ್ತೆ ಆ ಮೂರು ಅಂಕೆಗಳ ಮೇಲೆ ಬೆರಳಿಟ್ಟರು.

"ಸೊನ್ನೆ ಸೊನ್ನೆ ಸೊನ್ನೆ ಅಂತಿದ್ರೆ ನನಗೆ ಏನೂ ಗೊತ್ತಾಗ್ತಿರಲಿಲ್ಲ ದಾಸಣ್ಣ. ಹನ್ನೊಂದು, ಐದು, ಎರಡು. ಒಬ್ಬರಿಂದ ಯಾವುದೂ ಸಿದ್ಧ ಆಗೂದಿಲ್ಲ. ಆದ್ರೆ ನಿಮ್ಮ ಕಾಲು ಕಲಿತಾ ಇದೆ."

ಸಮುದ್ರಕ್ಕೆ ಬೇಡ ಎಂದರು. ಹೊಳೆ ಕಡಲು ಸೇರುವ ಅಳಿವೆಯೊಳಗೆ, ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಕೂತಲ್ಲೇ ಕೂತು, ದಿನಕರನ ಜೊತೆಗಾದರೆ ಹೋಗಿ ಬರಲಿ ಎಂದರು. ಕಡಲಿಗೆ ಹೋದವನಿಗೆ ಹೊಳೆ ಎಂದರೆ ಅಂಗಳದಲ್ಲಿ ಆಡಿದ ಹಾಗೆ. ಒಂದು ವರ್ಷದ ಹಿಂದೆ ಆಗಿದ್ದರೆ ದಾಸ ಇದನ್ನು ಅವಮಾನವೆಂದು ತಿಳಿಯುತ್ತಿದ್ದ. ಈಗ ಬಸ್ಸಿನಲ್ಲಿ ಬರುವಾಗ, ಲೈಫ್ ಜಾಕೆಟ್ ಯಾವ ಬಣ್ಣದ್ದು ತರುವುದು ಎಂದು ದುರ್ಗಮ್ಮನನ್ನು ಎರಡು ಸಲ ಕೇಳಿದ.

ಡಿಸೆಂಬರಿನ ಒಂದು ಬೆಳಿಗ್ಗೆ ದೋಣಿ ಹೊರಟಿತು. ಕಾರ್ಡು ನೋಡಲು ಬಂದಿದ್ದ ಸುಚಿತಾಳೂ ದಡಕ್ಕೆ ಬಂದಳು. ನಾಗಿಯ ಹಾಗೆ ಬಾಯಿತಪ್ಪಿ ಏನಾದರೂ ಅಂದುಬಿಟ್ಟೇನೆಂದು ದುರ್ಗಮ್ಮ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ದೋಣಿ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಕೂರಲಿಲ್ಲ, ಸೆರಗಿನ ತುದಿಯನ್ನು ಹಿಂಡುತ್ತ ನಿಂತೇ ಇದ್ದಳು. ಒಂದು ಗಂಟೆಯ ಮೇಲೆ ದೋಣಿ ಬಂತು. ಮಧ್ಯದ ಹಲಗೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ದಾಸ ಕೂತಿದ್ದ, ಕಾಲ ಬಳಿ ಐದಾರು ನೊಗಲಿ ಮೀನು ಹೊರಳಾಡುತ್ತಿದ್ದವು.

ದಿನಕರ ಇಳಿದು ದೋಣಿ ಹಿಡಿದುಕೊಂಡ. ದಾಸ ಒಂದು ಕಾಲನ್ನು ಹೊರಗಿಟ್ಟ. ಇನ್ನೊಂದು ಕಾಲು ಒಳಗೇ ಕಚ್ಚಿಕೊಂಡಿತು. ದಿನಕರ ಕೈ ಚಾಚುವಷ್ಟರಲ್ಲಿ ಅವನು ಒದ್ದೆ ಹೊಯ್ಗೆಯ ಮೇಲೆ ಮಗ್ಗುಲಾಗಿ ಮಲಗಿದ್ದ.

ಯಾರೂ ಅಲ್ಲಾಡಲಿಲ್ಲ. ದಾಸ ಹೊರಳಿದ, ಮೊಣಕಾಲೂರಿದ, ದೋಣಿಯ ಅಂಚು ಹಿಡಿದ, ಎದ್ದು ನಿಂತ. ಕೆನ್ನೆಗೆ ಅಂಟಿದ್ದ ಹೊಯ್ಗೆಯನ್ನು ಒರಸಿಕೊಂಡ.

"ಬಿದ್ರು" ಎಂದಳು ದುರ್ಗಮ್ಮ.

ದಿನಕರ ಗಾಬರಿಯಾಗಿ ಅತ್ತಿಗೆಯ ಮುಖ ನೋಡಿದ.

"ಎಂತ ನೋಡ್ತೆ? ಹೋಗಿ ದಡಕ್ಕೆ ಬಂದಾತಲ್ಲ, ಇನ್ನೆಂತ ಹೆದ್ರಿಕೆ" ಎಂದು ಅವಳು ಸುಚಿತಾಳ ಕಡೆ ತಿರುಗಿದಳು. "ಬಿದ್ರು ಅಂತ ಬರ್ಕ ತಂಗಿ. ಎದ್ರು ಅಂತ್ಲೂ ಬರಿ. ಯಾರೂ ಹಿಡೀಲಿಲ್ಲ."

ಎದ್ದದ್ದಕ್ಕೆ ಕಾರ್ಡಿನಲ್ಲಿ ಜಾಗವಿರಲಿಲ್ಲ. ಸುಚಿತಾ ಆ ದಿನದ ಚೌಕದಲ್ಲಿ ಒಂದು ಎಂದು ಹಾಕಿ, ಅಂಚಿನ ಖಾಲಿ ಜಾಗದಲ್ಲಿ ಸಣ್ಣದಾಗಿ "ತಾವೇ ಎದ್ದರು" ಎಂದು ಬರೆದಳು. ಅಂಕೆ ಬಿಟ್ಟರೆ ಅಕ್ಷರ ಬಾರದ ದುರ್ಗಮ್ಮ ಹತ್ತಿರ ಬಗ್ಗಿ, ಆ ಎರಡು ಪದಗಳನ್ನು ಬಹಳ ಹೊತ್ತು ನೋಡಿದಳು.